ನನ್ನ ಗಾಡಿ ನಾನೇ ತಂದರೆ ಅದೂ ಕಳ್ಳತನವೇ?

ಪ್ರಶ್ನೆ: ನಾನು ಅರಸೀಕೆರೆ ಕಡೆಯವನು. ಎಂಜಿನ್ ಕೆಲಸಕ್ಕೆಂದು ಬೈಕನ್ನು ಒಂದು ಗ್ಯಾರೇಜಿಗೆ ಬಿಟ್ಟಿದ್ದೆ. ಬಾಯಿಮಾತಿನಲ್ಲಿ 4,500 ರೂಪಾಯಿ ಅಂದಿದ್ದರು. 3,000 ಮುಂಗಡ ಕೊಟ್ಟೆ. ಹನ್ನೆರಡು ದಿನ ಓಡಾಡಿಸಿ ಕೊನೆಗೆ 9,800 ಬಿಲ್ ಕೊಟ್ಟರು. ಜಗಳವಾಯಿತು. ಪೂರ್ತಿ ದುಡ್ಡು ಕೊಡದೆ ಗಾಡಿ ಬಿಡುವುದಿಲ್ಲ ಅಂದರು. ಭಾನುವಾರ ಗ್ಯಾರೇಜ್ ಮುಚ್ಚಿತ್ತು, ಗಾಡಿ ಹೊರಗಡೆ ತಗಡಿನ ಶೀಟಿನ ಕೆಳಗೆ ನಿಂತಿತ್ತು. ನನ್ನ ಹತ್ತಿರ ಇನ್ನೊಂದು ಕೀ ಇತ್ತು, ತಗೊಂಡು ಬಂದೆ. ಈಗ ಮೆಕ್ಯಾನಿಕ್ ಕಳ್ಳತನದ ಕಂಪ್ಲೇಂಟ್ ಕೊಡುತ್ತೇನೆ ಅನ್ನುತ್ತಿದ್ದಾನೆ. ಆರ್‌ಸಿ ನನ್ನ ಹೆಸರಿನಲ್ಲಿದೆ. ನನ್ನ ಗಾಡಿಯನ್ನು ನಾನೇ ಕದಿಯಲು ಸಾಧ್ಯವೇ? ಇನ್ನೊಂದು ವಿಷಯ: ಹೋದ ತಿಂಗಳು ನನ್ನ ಹೆಂಡತಿಗೆ ಬಸ್ ಸ್ಟ್ಯಾಂಡಿನ ನೆಲದ ಮೇಲೆ ಒಂದು ಕಿವಿಯ ಚಿನ್ನದ ಓಲೆ ಸಿಕ್ಕಿತು. ಆಚಾರಿಗೆ ಕೊಟ್ಟು ಕರಗಿಸಿ ಮಗಳಿಗೆ ಏನಾದರೂ ಮಾಡಿಸೋಣ ಅನ್ನುತ್ತಿದ್ದಾಳೆ. ಇದು ತಪ್ಪೇ?

ಉತ್ತರ: ಸಾಧ್ಯ. ಸ್ವಂತ ವಸ್ತುವನ್ನೂ ಕದಿಯಬಹುದು ಎನ್ನುತ್ತದೆ ನಮ್ಮ ಕಾನೂನು. ನೀವು ಬರೆದಿರುವುದನ್ನು ಎರಡು ಸಲ ಓದಿದೆ. ನಿಮ್ಮ ಪರವಾಗಿ ಹೇಳಬಹುದಾದ ಮಾತುಗಳಿವೆ, ಆದರೆ 'ಆರ್‌ಸಿ ನನ್ನ ಹೆಸರಿನಲ್ಲಿದೆ' ಎಂಬುದು ಅವುಗಳಲ್ಲಿ ಒಂದಲ್ಲ. ಆ ಮಾತನ್ನೇ ನಂಬಿಕೊಂಡು ಠಾಣೆಗೆ ಹೋದರೆ ನಿಮ್ಮ ಕಾಲ ಕೆಳಗಿನ ನೆಲವೇ ಜಾರುತ್ತದೆ.

ಏಕೆಂದರೆ ಕಳ್ಳತನದ ಕಾನೂನು 'ವಸ್ತು ಯಾರದ್ದು?' ಎಂದು ಮೊದಲು ಕೇಳುವುದಿಲ್ಲ. 'ಯಾರ ವಶದಲ್ಲಿತ್ತು?' ಎಂದು ಕೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಹೇಳುವುದಿಷ್ಟು: ಅಪ್ರಾಮಾಣಿಕವಾಗಿ ತೆಗೆದುಕೊಳ್ಳುವ ಉದ್ದೇಶದಿಂದ, ಯಾವುದೇ ವ್ಯಕ್ತಿಯ ಸ್ವಾಧೀನದಲ್ಲಿರುವ ಚರ ವಸ್ತುವನ್ನು, ಅವನ ಒಪ್ಪಿಗೆಯಿಲ್ಲದೆ, ಇದ್ದ ಜಾಗದಿಂದ ಕದಲಿಸಿದರೆ ಅದು ಕಳ್ಳತನ. 1860ರ ದಂಡ ಸಂಹಿತೆಯ 378ನೇ ಸೆಕ್ಷನ್ ಕೂಡ ಇದನ್ನೇ ಹೇಳುತ್ತಿತ್ತು. ಸಂಖ್ಯೆ ಬದಲಾಗಿದೆ, ವ್ಯಾಖ್ಯೆ ಬದಲಾಗಿಲ್ಲ. ಈ ಇಡೀ ವಾಕ್ಯದಲ್ಲಿ ಒಡೆತನ ಎಂಬ ಪದವೇ ಇಲ್ಲ ಎಂಬುದನ್ನು ಗಮನಿಸಿ. ಕಾನೂನು ಕಲಿಯಲು ಬಂದ ಹುಡುಗರಿಗೆ ನಾನು ಮೊದಲ ದಿನ ತೋರಿಸುವುದು ಇದನ್ನೇ. ಬಹಳ ಮಂದಿ ವಕೀಲರೂ ಇಲ್ಲಿ ಎಡವುತ್ತಾರೆ.

ನಿಮ್ಮ ಕಥೆಯನ್ನೇ ಹೋಲುವ ಉದಾಹರಣೆ ಸೆಕ್ಷನ್ನಿನ ಕೆಳಗೇ ಇದೆ. ಒಬ್ಬ ತನ್ನ ಗಡಿಯಾರವನ್ನು ಸರಿಮಾಡಲು ಅಂಗಡಿಗೆ ಕೊಡುತ್ತಾನೆ. ಅಂಗಡಿಯವನಿಗೆ ಒಂದು ಪೈಸೆ ಬಾಕಿಯೂ ಇಲ್ಲ. ಆದರೂ ಅವನು ಕೊಡುತ್ತಿಲ್ಲವೆಂದು ಎಲ್ಲರೆದುರೇ ಒಳನುಗ್ಗಿ ಕೈಯಿಂದ ಕಸಿದುಕೊಂಡು ಬರುತ್ತಾನೆ. ಅದು ಅತಿಕ್ರಮ ಪ್ರವೇಶ ಆಗಬಹುದು, ಹಲ್ಲೆಯೂ ಆಗಬಹುದು, ಕಳ್ಳತನ ಮಾತ್ರ ಅಲ್ಲ. ಮುಂದಿನ ಉದಾಹರಣೆಯಲ್ಲಿ ಬದಲಾಗುವುದು ಒಂದೇ ಸಂಗತಿ: ರಿಪೇರಿಯ ದುಡ್ಡು ಬಾಕಿ ಇದೆ, ಆ ಬಾಕಿಗೆ ಭದ್ರತೆಯಾಗಿ ಅಂಗಡಿಯವನು ಗಡಿಯಾರವನ್ನು ನ್ಯಾಯವಾಗಿಯೇ ಇಟ್ಟುಕೊಂಡಿದ್ದಾನೆ. ಆ ಭದ್ರತೆಯನ್ನು ತಪ್ಪಿಸಬೇಕೆಂದು ಮಾಲೀಕ ಗಡಿಯಾರ ಎತ್ತಿಕೊಂಡು ಬಂದರೆ, ಗಡಿಯಾರ ಅವನದೇ ಆದರೂ ಅವನು ಕಳ್ಳ. ಗಿರವಿ ಇಟ್ಟ ಒಡವೆಯನ್ನು ಸಾಲ ತೀರಿಸದೆ ಗಿರವಿ ಅಂಗಡಿಯಿಂದ ಎತ್ತಿಕೊಂಡು ಬಂದವನ ಗತಿಯೂ ಇದೇ.

ರಿಪೇರಿ ಮಾಡಿದವನಿಗೆ ಇಟ್ಟುಕೊಳ್ಳುವ ಹಕ್ಕು ಬರುವುದು ಎಲ್ಲಿಂದ? 1872ರ ಕರಾರು ಕಾಯ್ದೆಯ 170ನೇ ಸೆಕ್ಷನ್ನಿನಿಂದ. ತನ್ನ ಶ್ರಮವನ್ನೋ ಕೌಶಲವನ್ನೋ ಹಾಕಿ ವಸ್ತುವಿನ ಮೇಲೆ ಕೆಲಸ ಮಾಡಿದವನು, ಆ ಕೆಲಸಕ್ಕೆ ಸಲ್ಲಬೇಕಾದ ಕೂಲಿ ಸಿಗುವ ತನಕ ವಸ್ತುವನ್ನು ತನ್ನ ಹತ್ತಿರವೇ ಇಟ್ಟುಕೊಳ್ಳಬಹುದು. ಟೈಲರ್, ಅಕ್ಕಸಾಲಿಗ, ಮಿಕ್ಸಿ ರಿಪೇರಿಯವನು, ಮೆಕ್ಯಾನಿಕ್ ಎಲ್ಲರಿಗೂ ಈ ಹಕ್ಕುಂಟು. ಆದರೆ ಕಾಯ್ದೆ ಹೇಳುವುದು 'ಸಲ್ಲಬೇಕಾದ' ಕೂಲಿ. ಬಾಯಿಗೆ ಬಂದ ಮೊತ್ತಕ್ಕೆ ಆ ರಕ್ಷಣೆ ಇಲ್ಲ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಒಪ್ಪಿದ್ದು 4,500, ಕೊಟ್ಟಿದ್ದು 3,000. ಹಾಗಾದರೆ ನಿಮ್ಮ ಲೆಕ್ಕದ ಪ್ರಕಾರವೇ 1,500 ಬಾಕಿ. ಆ ಭಾನುವಾರ ಗಾಡಿ ಸ್ಟಾರ್ಟ್ ಮಾಡುವಾಗ ಅದು ನಿಮಗೆ ಗೊತ್ತಿತ್ತು. ಆ 1,500 ಅನ್ನು ಅವನ ಮುಂದೆ ಚಾಚಿ 'ತಗೊಳ್ಳಪ್ಪಾ, ಗಾಡಿ ಕೊಡು' ಎಂದಿದ್ದಿರಾ? ಎಂದಿದ್ದು, ಅವನು ತಳ್ಳಿಹಾಕಿದ್ದರೆ ನಿಮ್ಮ ಪಕ್ಷ ಗಟ್ಟಿ: ನ್ಯಾಯವಾದ ಬಾಕಿ ಕೊಡಲು ಬಂದವನನ್ನು ಅವನು ಹಿಂದಕ್ಕೆ ಕಳಿಸಿದ್ದಾನೆ, ಗಾಡಿ ತಡೆದಿಟ್ಟಿದ್ದಕ್ಕೆ ಸಮರ್ಥನೆ ಉಳಿದಿಲ್ಲ ಎಂದು ವಾದಿಸಬಹುದು. ಆದರೆ ನಿಮ್ಮ ಪತ್ರದಲ್ಲಿ ಆ ಮಾತಿಲ್ಲ. ಜಗಳವಾಡಿದಿರಿ, ಮನೆಗೆ ಬಂದಿರಿ, ಅಂಗಡಿ ಮುಚ್ಚಿದ ದಿನ ನೋಡಿ ತಂದಿರಿ. 'ಮುಚ್ಚಿದ ದಿನ ನೋಡಿ' ಎಂಬುದನ್ನು ಎದುರು ಪಕ್ಷದ ವಕೀಲರು ಹತ್ತು ಸಲ ಹೇಳುತ್ತಾರೆ. ಯಾರೂ ಇಲ್ಲದಾಗ ತರುವುದು ತಾನೇ ಅಪರಾಧವಲ್ಲ, ಆದರೆ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ನ್ಯಾಯಾಲಯ ಊಹಿಸುವುದು ಇಂಥ ಸಂಗತಿಗಳಿಂದಲೇ.

ಉದ್ದೇಶದ ವಿಷಯದಲ್ಲಿ ನಿಮಗೆ ಆಸರೆಯಾಗಬಲ್ಲ ಒಂದು ತೀರ್ಪಿದೆ. ಒಂದು ಕೆರೆಯ ಮೀನು ಹಿಡಿಯುವ ಹಕ್ಕಿನ ವ್ಯಾಜ್ಯದಲ್ಲಿ, ಚಂಡಿಕುಮಾರ್ ದಾಸ್ ಕರ್ಮಕಾರ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿತು: ತನಗೆ ಹಕ್ಕಿದೆ ಎಂದು ಪ್ರಾಮಾಣಿಕವಾಗಿ ನಂಬಿ ತೆಗೆದುಕೊಂಡವನು, ಆ ನಂಬಿಕೆ ಕೊನೆಗೆ ತಪ್ಪೆಂದು ತಿಳಿದರೂ, ಕಳ್ಳನಲ್ಲ. ಕಂತು ಕಟ್ಟದ ಲಾರಿಯನ್ನು ಫೈನಾನ್ಸಿನವರು ಕರಾರಿನ ಪ್ರಕಾರ ವಶಕ್ಕೆ ತೆಗೆದುಕೊಂಡಾಗಲೂ 1979ರ ತ್ರಿಲೋಕ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಇದು ಸಿವಿಲ್ ತಕರಾರು ಎಂದು ಕ್ರಿಮಿನಲ್ ಮೊಕದ್ದಮೆಯನ್ನು ವಜಾ ಮಾಡಿತು. ಆದರೆ ನಂಬಿಕೆ ನಿಜವಾಗಿಯೂ ಇರಬೇಕು. ಎಫ್‌ಐಆರ್ ಆದಮೇಲೆ ಹೊಳೆದ ನಂಬಿಕೆ ಕೆಲಸಕ್ಕೆ ಬರುವುದಿಲ್ಲ.

'ದುಡ್ಡು ಆಮೇಲೆ ಕೊಟ್ಟೇ ಕೊಡುತ್ತಿದ್ದೆ' ಎನ್ನುತ್ತೀರಿ. ಅಥವಾ ನಿಮ್ಮ ಜಾಗದಲ್ಲಿರುವ ಇನ್ನೊಬ್ಬರು 'ಎರಡು ದಿನಕ್ಕೆ ತಂದಿದ್ದೆ, ವಾಪಸ್ ಬಿಡುತ್ತಿದ್ದೆ' ಎನ್ನುತ್ತಾರೆ. ಶಾಶ್ವತವಾಗಿ ಇಟ್ಟುಕೊಳ್ಳದಿದ್ದರೆ ಕಳ್ಳತನವಲ್ಲ ಎಂಬ ನಂಬಿಕೆ ಊರೂರಲ್ಲಿದೆ. ಇಂಗ್ಲೆಂಡಿನ ಕಾನೂನಿನಲ್ಲಿ ಆ ಮಾತಿಗೆ ಬೆಲೆಯುಂಟು, ನಮ್ಮಲ್ಲಿಲ್ಲ. ಇದನ್ನು ತೀರ್ಮಾನಿಸಿದ ಪ್ರಕರಣ ಸ್ವಾರಸ್ಯವಾಗಿದೆ, ಸ್ವಲ್ಪ ನಿಂತು ಹೇಳುತ್ತೇನೆ. 1952ರ ಮೇ 14ರ ಬೆಳಗಿನ ಜಾವ ಜೋಧಪುರದ ವಾಯುಪಡೆ ಅಕಾಡೆಮಿಯಲ್ಲಿ ತರಬೇತಿಯಲ್ಲಿದ್ದ ಕೆ.ಎನ್. ಮೆಹ್ರಾ ಎಂಬ ಕೆಡೆಟ್, ಅಕಾಡೆಮಿಯಿಂದ ಆಗಷ್ಟೇ ಹೊರಹಾಕಲ್ಪಟ್ಟಿದ್ದ ಗೆಳೆಯನನ್ನು ಕೂರಿಸಿಕೊಂಡು, ಅನುಮತಿಯಿಲ್ಲದೆ ಹಾರ್ವರ್ಡ್ ತರಬೇತಿ ವಿಮಾನವನ್ನು ಹಾರಿಸಿಕೊಂಡು ಹೋದ. ಇಬ್ಬರೂ ಇಳಿದದ್ದು ಪಾಕಿಸ್ತಾನದಲ್ಲಿ. ಕರಾಚಿಯಲ್ಲಿದ್ದ ಭಾರತದ ಹೈಕಮಿಷನರ್ ಹತ್ತಿರ ಹೋಗಿ ದಾರಿ ತಪ್ಪಿ ಬಂದೆವು ಎಂದರು. ವಿಮಾನವನ್ನು ಶಾಶ್ವತವಾಗಿ ಇಟ್ಟುಕೊಳ್ಳುವ ಉದ್ದೇಶ ಇರಲಿಲ್ಲ ಎಂಬ ವಾದವನ್ನು 1957ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅಷ್ಟು ಹೊತ್ತು ಸರ್ಕಾರಕ್ಕೆ ತನ್ನ ವಿಮಾನದ ಉಪಯೋಗ ತಪ್ಪಿತು, ಇವರಿಗೆ ಸಲ್ಲದ ಉಪಯೋಗ ದಕ್ಕಿತು, ಅಷ್ಟು ಸಾಕು ಎಂದಿತು.

ಐದು ವರ್ಷದ ಮೇಲೆ ಇನ್ನೂ ಚಿಕ್ಕ ವಸ್ತುವಿನ ವಿಷಯದಲ್ಲಿ ಇದೇ ಮಾತು ಬಂತು. ರಾಜಸ್ಥಾನದ ಅಲ್ವಾರ್‌ನಲ್ಲಿ ಚೀಫ್ ಎಂಜಿನಿಯರ್ ಕಚೇರಿಯ ಸೂಪರಿಂಟೆಂಡೆಂಟ್ ಪ್ಯಾರೇಲಾಲ್ ಭಾರ್ಗವ ಒಂದು ಕಡತವನ್ನು ಮನೆಗೆ ಒಯ್ದು, ಗೆಳೆಯನ ಕೈಗೆ ಕೊಟ್ಟು, ಅವನು ಒಳಗಿನ ಕಾಗದ ಬದಲಿಸಿದ ಮೇಲೆ ಮರುದಿನ ಕಚೇರಿಗೆ ತಂದಿಟ್ಟ. ಒಂದೇ ದಿನ. ಅದೂ ಕಳ್ಳತನವೇ ಎಂದು ತೀರ್ಪಾಯಿತು. ಪಕ್ಕದ ಮನೆಯವರ ಸ್ಕೂಟರನ್ನು ಹೇಳದೆ ಒಂದು ರೌಂಡ್ ಹೊಡೆದು ತಂದಿಡುವ ಹುಡುಗರಿಗೆ, ಆಫೀಸಿನ ಕಡತವನ್ನು 'ನೋಡಿ ಕೊಡ್ತೀನಿ' ಎಂದು ಬ್ಯಾಗಿಗೆ ತುರುಕಿಕೊಳ್ಳುವವರಿಗೆ ಇದು ಗೊತ್ತಿರಲಿ.

ಇದರ ಮಗ್ಗುಲಲ್ಲೇ ಇನ್ನೊಂದು ಮಾತು. ನಿಮ್ಮ ಗಾಡಿ ಗ್ಯಾರೇಜಿನಲ್ಲಿದ್ದಾಗ ಮೆಕ್ಯಾನಿಕ್ಕೇ ಅದರಲ್ಲಿ ಮದುವೆಗೆ ಹೋಗಿಬಂದಿದ್ದರೆ, ಅಥವಾ ಒಳ್ಳೆಯ ಬ್ಯಾಟರಿ ತೆಗೆದು ಹಳೆಯದನ್ನು ಹಾಕಿದ್ದರೆ, ಅದಕ್ಕೆ ಸಾಮಾನ್ಯವಾಗಿ ಕಳ್ಳತನ ಎನ್ನುವುದಿಲ್ಲ. ಗಾಡಿಯನ್ನು ನೀವೇ ನಂಬಿ ಅವನ ವಶಕ್ಕೆ ಕೊಟ್ಟಿದ್ದಿರಿ. ಕೊಟ್ಟದ್ದನ್ನು ದುರುಪಯೋಗ ಮಾಡಿಕೊಳ್ಳುವುದು ನಂಬಿಕೆದ್ರೋಹ, 316ನೇ ಸೆಕ್ಷನ್, ಐದು ವರ್ಷದ ತನಕ ಸಜೆ. ಹೆಣ್ಣುಮಗಳು ತವರಿನಿಂದ ತಂದ ಒಡವೆಯನ್ನು ಗಂಡನೋ ಅತ್ತೆಯೋ ಜೋಪಾನಕ್ಕೆಂದು ತೆಗೆದಿಟ್ಟುಕೊಂಡು ಆಮೇಲೆ ಕೊಡದಿದ್ದರೂ ಇದೇ ದಾರಿ. ಸ್ತ್ರೀಧನ ಗಂಡನ ಮನೆಯ ಬೀರುವಿನಲ್ಲಿದ್ದರೂ ಅವಳದೇ ಎಂದು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದು ಎಷ್ಟೋ ಹೆಣ್ಣುಮಕ್ಕಳಿಗೆ ಇವತ್ತಿಗೂ ಗೊತ್ತಿಲ್ಲ.

ಇನ್ನು ಓಲೆ. ನಿಮ್ಮ ಮನೆಯವರು ಅದನ್ನು ನೆಲದಿಂದ ಎತ್ತಿದ್ದು ಕಳ್ಳತನವಲ್ಲ. ಬಸ್ ಸ್ಟ್ಯಾಂಡಿನ ನೆಲದ ಮೇಲೆ ಬಿದ್ದಿದ್ದ ಓಲೆ ಆ ಕ್ಷಣಕ್ಕೆ ಯಾರ ವಶದಲ್ಲೂ ಇರಲಿಲ್ಲ, ವಶದಲ್ಲಿಲ್ಲದ್ದನ್ನು ವಶದಿಂದ ಕದಿಯಲಾಗದು. ರಸ್ತೆಯಲ್ಲಿ ಬಿದ್ದ ಉಂಗುರದ ಉದಾಹರಣೆ ಕೊಟ್ಟು ಕಾನೂನೇ ಇದನ್ನು ಹೇಳುತ್ತದೆ. ಅದೇ ಉಂಗುರ ಯಾರದೋ ಮನೆಯ ಮೇಜಿನ ಮೇಲೆ ಇದ್ದಿದ್ದರೆ, ಮಾಲೀಕ ಊರಲ್ಲಿಲ್ಲದಿದ್ದರೂ ಅದು ಅವನ ವಶದಲ್ಲೇ ಇದ್ದಂತೆ. ಆಮೇಲೆ ಎತ್ತಿಕೊಂಡರಾಯಿತೆಂದು ಸೋಫಾ ದಿಂಬಿನ ಕೆಳಗೆ ಸರಿಸಿಟ್ಟರೂ, ಆ ಮೊದಲ ಸರಿಸುವಿಕೆಯಲ್ಲೇ ಕಳ್ಳತನ ಮುಗಿದುಹೋಗುತ್ತದೆ. ಮನೆಯಿಂದ ಆಚೆ ಸಾಗಿಸುವ ತನಕ ಕಾಯಬೇಕಿಲ್ಲ.

ಹಾಗೆಂದು ಓಲೆ ನಿಮ್ಮದಾಗುವುದಿಲ್ಲ. ಸಿಕ್ಕ ವಸ್ತುವನ್ನು ಜೋಪಾನ ಮಾಡಿ ಒಡೆಯರಿಗೆ ಮುಟ್ಟಿಸಬೇಕೆಂದು ಎತ್ತಿಕೊಂಡವರು ಯಾವ ತಪ್ಪನ್ನೂ ಮಾಡಿಲ್ಲ. ಒಡೆಯರು ಯಾರೆಂದು ಗೊತ್ತಿದ್ದೂ, ಅಥವಾ ಹುಡುಕುವ ದಾರಿಯಿದ್ದೂ ಹುಡುಕದೆ, ತನ್ನದಾಗಿ ಮಾಡಿಕೊಂಡ ಗಳಿಗೆಯಲ್ಲಿ ಅಪರಾಧವಾಗುತ್ತದೆ. ಅದರ ಹೆಸರು ಅಪ್ರಾಮಾಣಿಕ ದುರ್ವಿನಿಯೋಗ, 314ನೇ ಸೆಕ್ಷನ್. ನಿಮ್ಮ ಮನೆಯವರು ಇನ್ನೂ ಆ ಗೆರೆ ದಾಟಿಲ್ಲ. ಓಲೆ ಕರಗಿದ ದಿನ ದಾಟುತ್ತಾರೆ. ಕರಗಿದ ಚಿನ್ನದಲ್ಲಿ ಒಡೆಯರ ಗುರುತೇ ಉಳಿಯುವುದಿಲ್ಲ, ಹಿಂದಿರುಗಿಸುವ ಮನಸ್ಸಿತ್ತು ಎಂದು ಆಮೇಲೆ ಯಾರೂ ನಂಬುವುದಿಲ್ಲ. ದಯವಿಟ್ಟು ಆಚಾರಿಯ ಹತ್ತಿರ ಹೋಗಬೇಡಿ.

ಈ ಸೆಕ್ಷನ್ನಿನಲ್ಲಿ ಬಹಳ ಜನಕ್ಕೆ ತಿಳಿಯದ ಬದಲಾವಣೆಯೊಂದಾಗಿದೆ. ಹಳೆಯ ದಂಡ ಸಂಹಿತೆಯಲ್ಲಿ ಇದಕ್ಕೆ ಬರೀ ದಂಡ ಹಾಕಿ ಬಿಡಬಹುದಿತ್ತು. ಹೊಸ ಸಂಹಿತೆಯಲ್ಲಿ ಕನಿಷ್ಠ ಆರು ತಿಂಗಳು, ಗರಿಷ್ಠ ಎರಡು ವರ್ಷ ಸಜೆ, ಜೊತೆಗೆ ದಂಡ. ಅದೇ ಹೊಸ ಸಂಹಿತೆ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳ್ಳತನದಲ್ಲಿ ಮೊದಲ ಸಲ ಸಿಕ್ಕಿಬಿದ್ದವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆ ಸಾಕು ಎನ್ನುತ್ತದೆ. ಜೇಬಿನಿಂದ ಕದ್ದವನಿಗೆ ಸೇವೆ, ನೆಲದಿಂದ ಎತ್ತಿ ಇಟ್ಟುಕೊಂಡವರಿಗೆ ಕನಿಷ್ಠ ಆರು ತಿಂಗಳ ಜೈಲು. ಇದು ಸರಿಯಾದ ತಕ್ಕಡಿ ಎಂದು ನನಗೆ ಅನಿಸುವುದಿಲ್ಲ. ಶಾಸನಸಭೆ ಇದನ್ನು ಮತ್ತೆ ನೋಡಬೇಕು. ಆದರೆ ತಿದ್ದುಪಡಿ ಆಗುವ ತನಕ ಕಾನೂನು ಇರುವುದು ಹೀಗೇ.

ಯಾರೋ ತಪ್ಪಿ ನಿಮ್ಮ ಫೋನ್‌ಪೇಗೆ ಹಾಕಿದ ಹಣಕ್ಕೂ ಇದೇ ನಿಯಮ. ಬಂದದ್ದು ನಿಮ್ಮ ತಪ್ಪಲ್ಲ, ಗೊತ್ತಾದ ಮೇಲೂ ಖರ್ಚು ಮಾಡಿದರೆ ತಪ್ಪು. ಹಿಂದಿರುಗಿಸುವಾಗ ಮಾತ್ರ ಬ್ಯಾಂಕಿನ ಮೂಲಕವೇ ಹೋಗಿ. ಫೋನ್ ಮಾಡಿದವರು ಹೇಳಿದ ಬೇರೆ ನಂಬರಿಗೆ ಹಾಕಬೇಡಿ, ಆ ಹೆಸರಿನಲ್ಲಿ ಮೋಸ ಮಾಡುವವರಿದ್ದಾರೆ.

ನೀವು ಕೇಳದಿದ್ದರೂ ತೆಂಗಿನ ಸೀಮೆಯವರಾದ್ದರಿಂದ ಇದೊಂದನ್ನು ಹೇಳಿಬಿಡುತ್ತೇನೆ. ಮರದಲ್ಲಿರುವ ಕಾಯಿ ನೆಲಕ್ಕೆ ಅಂಟಿದ ಆಸ್ತಿ, ಅದನ್ನು ಕದಿಯಲು ಬರುವುದಿಲ್ಲ. ಕಿತ್ತ ಕ್ಷಣ ಅದು ಚರ ವಸ್ತು. ಕೀಳುವುದೂ ಕದಲಿಸುವುದೂ ಒಂದೇ ಏಟಿಗೆ ಆದರೂ ಕಳ್ಳತನವೇ ಎಂದು ಕಾನೂನು ಬಿಡಿಸಿ ಹೇಳಿದೆ. ಹೊಳೆಯ ಮರಳು ತುಂಬಿಕೊಂಡು ಹೋಗುವವರ ಮೇಲೆ ಗಣಿ ಕಾಯ್ದೆಯ ಜೊತೆಗೆ ಕಳ್ಳತನದ ಮೊಕದ್ದಮೆಯನ್ನೂ ಹೂಡಬಹುದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಈ ತತ್ವದ ಮೇಲೆಯೇ. ಹಾಗಾದರೆ ಬೆಳಗ್ಗೆ ಐದೂವರೆಗೆ ಕವರ್ ಹಿಡಿದು ಬಂದು ನಿಮ್ಮ ಕಾಂಪೌಂಡಿನಾಚೆ ಬಾಗಿದ ದಾಸವಾಳ, ಕಣಗಿಲೆ, ನಂದಿಬಟ್ಟಲು ಕಿತ್ತುಕೊಂಡು ಹೋಗುವ ಪಕ್ಕದ ಬೀದಿಯ ಅಜ್ಜಿ ಕಳ್ಳಿಯೇ? ಅಲ್ಲ. ಪೂಜೆಗೆ ನಾಲ್ಕು ಹೂ, ಒಗ್ಗರಣೆಗೆ ಒಂದು ಎಸಳು ಕರಿಬೇವು, ಇವಕ್ಕೆ ಬೀದಿಯಲ್ಲಿ ಮೊದಲಿನಿಂದ ನಡೆದು ಬಂದ ಒಪ್ಪಿಗೆಯಿರುತ್ತದೆ. ಒಪ್ಪಿಗೆ ಬಾಯಿಬಿಟ್ಟೇ ಹೇಳಬೇಕಿಲ್ಲ. ಒಪ್ಪಿಗೆ ಇಲ್ಲದಿದ್ದರೂ, ಸಾಮಾನ್ಯ ಬುದ್ಧಿಯ ಮನುಷ್ಯ ದೂರದಷ್ಟು ಸಣ್ಣ ಹಾನಿ ಅಪರಾಧವೇ ಅಲ್ಲ ಎಂದು 33ನೇ ಸೆಕ್ಷನ್ ಹೇಳುತ್ತದೆ. ಆದರೆ ಮನೆಯವರು 'ನಮ್ಮ ಗಿಡ ಮುಟ್ಟಬೇಡಿ' ಎಂದ ಮೇಲೆ ಆ ಒಪ್ಪಿಗೆ ಮುಗಿಯಿತು. ಮಾರುವುದಕ್ಕೆಂದು ಬುಟ್ಟಿಗಟ್ಟಲೆ ಕೀಳುವವರು ಆ 33ರ ಕೆಳಗೆ ಬರುವುದೂ ಇಲ್ಲ.

ಎರಡು ಎಳನೀರು ಕೆಡವಿದ ಹುಡುಗರನ್ನು ಕಂಬಕ್ಕೆ ಕಟ್ಟಿ ಬಡಿದು, ವಿಡಿಯೊ ಮಾಡಿ ಗ್ರೂಪುಗಳಿಗೆ ಹಾಕುವುದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಏಳು ವರ್ಷದೊಳಗಿನ ಮಗು ಮಾಡಿದ್ದು ಕಾನೂನಿನ ಕಣ್ಣಿಗೆ ಅಪರಾಧವೇ ಅಲ್ಲ. ಏಳರಿಂದ ಹನ್ನೆರಡರ ನಡುವಿನ ಮಗುವಿಗೆ ತಾನು ಮಾಡುವುದರ ಅರಿವಿತ್ತೇ ಎಂದು ನೋಡಬೇಕು. ಹದಿನೆಂಟರ ತನಕ ಎಲ್ಲವೂ ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ, ಅಂಥ ಮಕ್ಕಳ ಗುರುತು ಬಯಲುಮಾಡುವುದನ್ನು ಕಾಯ್ದೆ ನಿಷೇಧಿಸಿದೆ. ಇನ್ನು ಸಾರ್ವಜನಿಕರು ಯಾರನ್ನಾದರೂ ಹಿಡಿದಿಡಬಹುದಾದ್ದು ತಮ್ಮ ಕಣ್ಣೆದುರೇ ಸಂಜ್ಞೇಯವೂ (ಅಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ) ಜಾಮೀನು ರಹಿತವೂ ಆದ ಅಪರಾಧ ನಡೆದಾಗ. ಹಾಗೆ ಹಿಡಿದರೂ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. 5,000 ರೂಪಾಯಿಗೆ ಕಡಿಮೆಯ ಮೊದಲ ಕಳ್ಳತನ ಹೊಸ ಕಾನೂನಿನಲ್ಲಿ ಅಸಂಜ್ಞೇಯ, ಜಾಮೀನು ಸಿಗುವಂಥದ್ದು. ಅಂದರೆ ಎಳನೀರಿನ ಹುಡುಗರನ್ನು ಕಟ್ಟಿಹಾಕಿದವರು ಮಾಡಿದ್ದು ಅಕ್ರಮ ಬಂಧನ, ಹೊಡೆದದ್ದು ಹಲ್ಲೆ. ಕಾಯಿಯ ಬೆಲೆಗಿಂತ ಅವರ ಅಪರಾಧವೇ ದೊಡ್ಡದು.

ಇದಕ್ಕಿಂತ ನೋವಿನ ಸಂಗತಿ ಮನೆಕೆಲಸದವರದು. ಕೆಲವು ವರ್ಷಗಳ ಹಿಂದೆ ನಾನು ವಾದಿಸಿದ ಒಂದು ಪ್ರಕರಣ. ಮೂರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಣ್ಣುಮಗಳು. ಒಂದು ಮನೆಯಲ್ಲಿ ಸರ ಕಾಣಲಿಲ್ಲ, ಅವಳ ಹೆಸರು ಬರೆದು ದೂರು ಕೊಟ್ಟರು. ಮಿಕ್ಕ ಎರಡು ಮನೆಯವರೂ ಮರುದಿನವೇ ಬರಬೇಡ ಎಂದರು. ಪ್ರತಿ ವಾಯಿದೆಗೂ ಅವಳು ಕೋರ್ಟಿನ ವರಾಂಡದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸ್ಟೀಲ್ ಡಬ್ಬಿ ಇಟ್ಟುಕೊಂಡು, ಗೋಡೆಗೆ ಬೆನ್ನು ಕೊಟ್ಟು ನಿಂತಿರುತ್ತಿದ್ದಳು. ಕೂರಮ್ಮ ಎಂದರೂ ಕೂರುತ್ತಿರಲಿಲ್ಲ, ಹೆಸರು ಕೂಗಿದಾಗ ಕೇಳದೆ ಹೋದರೆ ಎಂಬ ಭಯ. ಹತ್ತು ತಿಂಗಳಾದ ಮೇಲೆ ಆ ಮನೆಯವರು ಮದುವೆಗೆಂದು ಬೀರುವಿನಿಂದ ರೇಷ್ಮೆ ಸೀರೆ ತೆಗೆದರು. ಮಡಿಕೆಯೊಳಗಿಂದ ಸರ ಜಾರಿತು. ಕೇಸು ಮುಗಿಯಿತು. ಆ ಬೀದಿಯಲ್ಲಿ ಅವಳಿಗೆ ಮತ್ತೆ ಯಾವ ಮನೆಯ ಬಾಗಿಲೂ ತೆರೆಯಲಿಲ್ಲ.

ನೌಕರರು ಮಾಡುವ ಕಳ್ಳತನಕ್ಕೆ 306ನೇ ಸೆಕ್ಷನ್ನಿನಲ್ಲಿ ಏಳು ವರ್ಷದ ತನಕ ಸಜೆಯಿದೆ, ಅಷ್ಟು ಭಾರವಾದ ಆರೋಪ ಅದು. ಮನೆಗೆ ಬಂದು ಹೋಗುತ್ತಿದ್ದಳು ಎಂಬುದು ಸಾಕ್ಷ್ಯವಲ್ಲ. ವಸ್ತು ಕಾಣದಿದ್ದರೆ ಮೊದಲು ಬೀರು, ಹಾಸಿಗೆ, ದೇವರ ಮನೆ, ಅಕ್ಕಿ ಡಬ್ಬಿ ಎಲ್ಲವನ್ನೂ ಜಾಲಾಡಿ. ದೂರು ಕೊಡುವಾಗ 'ಇಂಥ ದಿನ ನೋಡಿದ್ದೆ, ಇಂಥ ದಿನ ಕಾಣಲಿಲ್ಲ' ಎಂದು ಗೊತ್ತಿರುವಷ್ಟನ್ನೇ ಬರೆಯಿರಿ. ಕೆಲಸದವರ ಚೀಲ ಸುರಿಸುವುದಕ್ಕೆ, ಕೋಣೆಯಲ್ಲಿ ಕೂಡಿಹಾಕುವುದಕ್ಕೆ ನಿಮಗೆ ಅಧಿಕಾರವಿಲ್ಲ. ಸುಳ್ಳೆಂದು ಗೊತ್ತಿದ್ದೂ ಹೆಸರು ಬರೆದರೆ 217 ಮತ್ತು 248ನೇ ಸೆಕ್ಷನ್‌ಗಳು ದೂರುದಾರರ ಮೇಲೆಯೇ ತಿರುಗುತ್ತವೆ.

ನಿಮ್ಮ ಬೈಕಿಗೆ ಮರಳುತ್ತೇನೆ. ಗಾಡಿಯ ಬೆಲೆ 5,000ಕ್ಕಿಂತ ಹೆಚ್ಚು, ಹಾಗಾಗಿ ಮೆಕ್ಯಾನಿಕ್ ದೂರು ಕೊಟ್ಟರೆ ಪೊಲೀಸರು ಎಫ್‌ಐಆರ್ ದಾಖಲಿಸಬಹುದು. 303(2)ರಲ್ಲಿ ಮೂರು ವರ್ಷದ ತನಕ ಸಜೆ, ಅಥವಾ ದಂಡ, ಅಥವಾ ಎರಡೂ. ಗಾಡಿ ಹೊರಗಡೆ ನಿಂತಿದ್ದದ್ದು ನಿಮ್ಮ ಅದೃಷ್ಟ. ವಸ್ತುಗಳನ್ನು ಇಡುವ ಕಟ್ಟಡದ ಒಳಗಿಂದ ತಂದಿದ್ದರೆ 305ನೇ ಸೆಕ್ಷನ್, ಏಳು ವರ್ಷದ ತನಕ. ಬೀಗ ಮುರಿದಿದ್ದರೆ ಇನ್ನೂ ಕಷ್ಟ. ಇಂಥ ದೂರುಗಳಲ್ಲಿ ಪೊಲೀಸರು ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಹೊಸ ಕ್ರಿಮಿನಲ್ ಕಾರ್ಯವಿಧಾನ ಸಂಹಿತೆಯ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173(3) ಅವಕಾಶ ಕೊಡುತ್ತದೆ. ಠಾಣೆಯಿಂದ ಕರೆ ಬಂದರೆ ತಪ್ಪಿಸಿಕೊಳ್ಳಬೇಡಿ. ಮೇಲೆ ಹೇಳಿದ ಲೆಕ್ಕವನ್ನು ಬರೆದುಕೊಂಡು ಹೋಗಿ. ಎಲ್ಲ ಮೀರಿ ಕೇಸಾದರೂ ಇದು ರಾಜಿಗೆ ಅವಕಾಶವಿರುವ ಅಪರಾಧ.

ಆದರೆ ಠಾಣೆಯ ಕರೆಗೆ ಕಾಯಬೇಡಿ. ಇವತ್ತೇ ಆ 1,500 ರೂಪಾಯಿಯನ್ನು ಮೆಕ್ಯಾನಿಕ್ ಖಾತೆಗೆ ಹಾಕಿ. ನಗದು ಬೇಡ, ದಾಖಲೆ ಉಳಿಯಬೇಕು. ಜೊತೆಗೆ ಒಂದು ಮೆಸೇಜ್ ಕಳಿಸಿ: 'ಒಪ್ಪಿದ 4,500ರಲ್ಲಿ ಬಾಕಿ 1,500 ಕಳಿಸಿದ್ದೇನೆ. ಗಾಡಿ ನನ್ನ ಮನೆಯಲ್ಲಿದೆ. ಹೆಚ್ಚುವರಿ 5,300ಕ್ಕೆ ಯಾವ ಭಾಗ ಹಾಕಿದ್ದೀರಿ, ಎಷ್ಟು ಕೂಲಿ ಎಂದು ವಿವರವಾದ ಬಿಲ್ ಕೊಡಿ. ನ್ಯಾಯವಾಗಿ ಸಲ್ಲುವುದನ್ನು ಕೊಡಲು ಸಿದ್ಧನಿದ್ದೇನೆ.' ಅದನ್ನೇ ಕಾಗದದಲ್ಲಿ ಬರೆದು ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಈಗ ಕಳಿಸಿದ್ದರಿಂದ ಭಾನುವಾರ ಆದದ್ದು ಅಳಿಸಿಹೋಗುವುದಿಲ್ಲ, ಆದರೆ ನಿಮ್ಮ ತಕರಾರು ಬಿಲ್ಲಿನ ಬಗ್ಗೆಯೇ ಹೊರತು ದುಡ್ಡು ಮುಳುಗಿಸುವ ಬಗ್ಗೆಯಲ್ಲ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನಿಮಗೆ ಸಿಗದು. ವಿಷಯ ಮುಗಿಯುವ ತನಕ ಗಾಡಿ ಮಾರಬೇಡಿ, ಬೇರೆಯವರಿಗೆ ಕೊಡಬೇಡಿ. ಬಿಲ್ಲಿನ ಜಗಳ ಬಗೆಹರಿಯದಿದ್ದರೆ ಅದರ ಜಾಗ ಹಾಸನದ ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷದ ತನಕದ ದೂರಿಗೆ ಅಲ್ಲಿ ಶುಲ್ಕವಿಲ್ಲ. ಅದಕ್ಕೂ ಮೊದಲು 1915 ಸಹಾಯವಾಣಿಗೆ ಫೋನ್ ಮಾಡಿ ನೋಡಬಹುದು.

ಓಲೆಯನ್ನು ಮನೆಯವರ ಜೊತೆ ನೀವೂ ಹೋಗಿ ಬಸ್ ಸ್ಟ್ಯಾಂಡ್ ಯಾವ ಠಾಣೆಯ ಸರಹದ್ದಿಗೆ ಬರುತ್ತದೋ ಅಲ್ಲಿಗೆ ಒಪ್ಪಿಸಿ. ಎಂದು, ಎಷ್ಟು ಹೊತ್ತಿಗೆ, ಎಲ್ಲಿ ಸಿಕ್ಕಿತು ಎಂದು ಒಂದು ಹಾಳೆಯಲ್ಲಿ ಬರೆದು ಎರಡು ಪ್ರತಿ ಮಾಡಿ. ಓಲೆಯ ಫೋಟೊ ತೆಗೆದು, ತೂಕ ಹಾಕಿಸಿ ಅದನ್ನೂ ಬರೆಯಿರಿ. ಇಷ್ಟು ದಿನ ಯಾಕೆ ಇಟ್ಟುಕೊಂಡಿರಿ ಎಂದು ಕೇಳಿದರೆ, ಏನು ಮಾಡಬೇಕೆಂದು ತಿಳಿಯಲಿಲ್ಲ ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿ. ಒಂದು ಪ್ರತಿಯ ಮೇಲೆ ಠಾಣೆಯ ಸೀಲು, ತಾರೀಖು, ಸಹಿ ಹಾಕಿಸಿಕೊಂಡೇ ಹೊರಗೆ ಬನ್ನಿ.